ಇಪ್ಪತ್ತು ವರ್ಷದ ಆಕ್ಟೇವಿಯಾ ವಿಆರ್‌ಎಸ್: ಮಾರಬೇಕೋ, ಮಾಡಿಸಬೇಕೋ?

ಪ್ರಶ್ನೆ: ನಾನು ಸಿಂಧನೂರಿನವನು, ಭತ್ತದ ರೈತ. 2006ರ ನವೆಂಬರಿನಲ್ಲಿ ಹೊಸದಾಗಿ ಕೊಂಡ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಕಾರು ಇವತ್ತಿಗೂ ನನ್ನ ಹತ್ತಿರ ಇದೆ. 1,84,000 ಕಿಲೋಮೀಟರ್ ಓಡಿದೆ. ಆಗ ನನಗೆ 27 ವರ್ಷ. ಅಷ್ಟು ದುಡ್ಡು ಕಾರಿಗೆ ಸುರಿದೆನೆಂದು ಅಪ್ಪಾಜಿ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಈಗ ಅವರಿಗೆ 78. ಹಾರ್ಟ್ ತೋರಿಸಲು ತಿಂಗಳಿಗೊಮ್ಮೆ ಇದೇ ಕಾರಿನಲ್ಲಿ ಬಳ್ಳಾರಿಗೆ ಕರೆದುಕೊಂಡು ಹೋಗುತ್ತೇನೆ. ಹೋದ ಏಪ್ರಿಲಿನಲ್ಲಿ ವಾಪಸ್ ಬರುವಾಗ ದಢೇಸುಗೂರು ಸೇತುವೆ ಹತ್ತಿರ ಲಾರಿ ಕೆಟ್ಟು ಅರ್ಧ ಗಂಟೆ ಜಾಮ್ ಆಗಿತ್ತು. ಅಲ್ಲಿಯವರೆಗೆ ಸರಿ ಇದ್ದ ಟೆಂಪರೇಚರ್ ಮುಳ್ಳು ನಿಂತಲ್ಲೇ ಕೆಂಪಿಗೆ ಏರಿತು. ರಾತ್ರಿ ಒಂಬತ್ತೂವರೆಗೆ ಅಪ್ಪಾಜಿಯನ್ನು ಪರಿಚಯವಿಲ್ಲದ ಲಾರಿಯ ಕ್ಯಾಬಿನ್ನಿನಲ್ಲಿ ಕೂರಿಸಿ ಊರಿಗೆ ಕಳಿಸಿದೆ. ಊರಿನ ಮೇಸ್ತ್ರಿ ಥರ್ಮೋಸ್ಟಾಟ್ ತೆಗೆದುಹಾಕಿ, ಬೋರಿನ ನೀರು ತುಂಬಿ ಕೊಟ್ಟರು. ಈಗ ಬಿಸಿಯಾಗುವುದು ಕಡಿಮೆ, ಆದರೆ 11 ಕೊಡುತ್ತಿದ್ದ ಮೈಲೇಜ್ 8ಕ್ಕೆ ಬಂದಿದೆ. ಮೂರು ಸಾವಿರ ಆರ್‌ಪಿಎಂ ದಾಟಿದಾಗಿನ ಒದೆತ ಇಲ್ಲ, ಬಾನೆಟ್ ಒಳಗೆ ಸೀಟಿ ಹೊಡೆದಂಥ ಸದ್ದು. ಟೈಮಿಂಗ್ ಬೆಲ್ಟ್ ಕೊನೆಗೆ ಹಾಕಿಸಿದ್ದು 2016ರಲ್ಲಿ. ಬೆಂಗಳೂರಿನ ಒಂದು ವರ್ಕ್‌ಶಾಪ್ ಬೆಲ್ಟ್, ಟರ್ಬೊ, ಕ್ಲಚ್, ಸಸ್ಪೆನ್ಷನ್ ಎಲ್ಲ ಸೇರಿ ₹2,30,000 ಹೇಳಿದೆ. ಬ್ರೋಕರ್ ಗಾಡಿಗೆ ₹90,000 ಕೊಡುತ್ತೇನೆ ಅನ್ನುತ್ತಾನೆ. ನವೆಂಬರಿಗೆ ಆರ್‌ಸಿ ಮುಗಿಯುತ್ತದೆ. ಮನೆಯವರು ಆರು ಏರ್‌ಬ್ಯಾಗಿನ ಹೊಸ ಗಾಡಿ ತಗೊಳ್ಳೋಣ ಅನ್ನುತ್ತಾರೆ, ನನ್ನ ಕಣ್ಣು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಮೇಲಿದೆ. ಸಾಲ ಮಾಡಬೇಕು, ತುಂಗಭದ್ರಾ ಡ್ಯಾಮಿನ ಗೇಟು ಬದಲಿಸಲೆಂದು ಈ ಸಲ ಎರಡನೇ ಬೆಳೆಗೆ ನೀರು ಬಿಡಲಿಲ್ಲ. ಮಾರಿಬಿಡಲೇ?

ಉತ್ತರ: ಮಾರುವ ಮಾತು ಆಮೇಲೆ. ಮೊದಲು ಬೆಲ್ಟ್. 2016ರದು ಅಂದರೆ ಹತ್ತು ವರ್ಷವಾಯಿತು. ಅದನ್ನು ಬದಲಿಸುವ ತನಕ ಗಾಡಿಯನ್ನು ಊರ ಹೊರಗೆ ತೆಗೆಯಬೇಡಿ. ಅಪ್ಪಾಜಿಯವರನ್ನಂತೂ ಅದರಲ್ಲಿ ಕೂರಿಸಲೇಬೇಡಿ. ಮುಂದಿನ ತಿಂಗಳು ಬಳ್ಳಾರಿಗೆ ಬರಬೇಕಾದರೆ ಬಾಡಿಗೆ ಗಾಡಿ ಮಾಡಿಕೊಂಡು ಬನ್ನಿ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ನಿಮ್ಮದು 1.8 ಲೀಟರ್ ಟರ್ಬೊ, ಇಪ್ಪತ್ತು ವಾಲ್ವಿನ ಎಂಜಿನ್. ಒಂದೊಂದು ಸಿಲಿಂಡರಿಗೆ ಐದು ವಾಲ್ವ್, ಮೂರು ಗಾಳಿ ಒಳಗೆ ಬಿಡಲು, ಎರಡು ಹೊಗೆ ಹೊರಗೆ ಬಿಡಲು. ಪಿಸ್ಟನ್ನಿನ ಓಟಕ್ಕೆ ಸರಿಯಾಗಿ ಅವನ್ನು ತೆರೆದು ಮುಚ್ಚಿಸುವುದು ಈ ಬೆಲ್ಟೇ. ಬೆಲ್ಟ್ ಹರಿದರೆ ಅಥವಾ ನಾಲ್ಕು ಹಲ್ಲು ಉದುರಿದರೂ ಸಾಕು, ಪಿಸ್ಟನ್ ಮೇಲೆ ಬಂದು ತೆರೆದ ವಾಲ್ವಿಗೆ ಬಡಿಯುತ್ತದೆ. ಹನ್ನೆರಡು ವರ್ಷದ ಕೆಳಗೆ ತೋರಣಗಲ್ಲಿನ ಗಿರಾಕಿಯೊಬ್ಬರು ಇದೇ ಎಂಜಿನ್ನಿನ ಗಾಡಿಯನ್ನು ಬಳ್ಳಾರಿಯ ನನ್ನ ಗ್ಯಾರೇಜಿಗೆ ತಂದಿದ್ದರು. ಕವರ್ ಬಿಚ್ಚಿ ಬೆಲ್ಟ್ ನೋಡಿದೆ. ಬಿರುಕಿಲ್ಲ, ನೂಲು ಎದ್ದಿಲ್ಲ, ಬೆರಳಿಗೆ ಗಟ್ಟಿಯಾಗಿಯೇ ಸಿಕ್ಕಿತು. ‘ದೀಪಾವಳಿ ಮುಗಿಸಿಕೊಂಡು ಬನ್ನಿ’ ಅಂದೆ. ದೀಪಾವಳಿಗೆ ನಾಲ್ಕು ದಿನ ಇರುವಾಗ ಕೂಡ್ಲಿಗಿ ದಾಟಿದ ಮೇಲೆ ಗಾಡಿ ನಿಂತಿತು. ಟೋ ಮಾಡಿ ತಂದು ಎಂಜಿನ್ನಿನ ಮೇಲ್ಭಾಗದ ಹೆಡ್ ಇಳಿಸಿದಾಗ ಎಂಟೂ ಎಕ್ಸಾಸ್ಟ್ ವಾಲ್ವ್ ಬಾಗಿದ್ದವು. ಪಿಸ್ಟನ್ನಿನ ತಲೆಯ ಮೇಲೆ ಉಗುರಿನಿಂದ ಒತ್ತಿದ ಹಾಗೆ ಅರ್ಧಚಂದ್ರದ ಗುರುತು. ಹೆಡ್ ಕೆಲಸದ ಕೂಲಿ ನಾನು ತಗೊಳ್ಳಲಿಲ್ಲ. ಆದರೂ ಸಾಮಾನಿನ ದುಡ್ಡು ಅವರ ಕೈಯಿಂದಲೇ ಹೋಯಿತು, ಹಬ್ಬಕ್ಕೆ ಊರು ಸೇರಲೂ ಆಗಲಿಲ್ಲ. ಅವತ್ತಿನಿಂದ ಬೆಲ್ಟನ್ನು ಕಣ್ಣಳತೆಯಲ್ಲಿ ನೋಡಿ ‘ಇನ್ನೂ ಇದೆ’ ಅನ್ನುವುದನ್ನು ಬಿಟ್ಟಿದ್ದೇನೆ. ಕಿಲೋಮೀಟರ್ ಎಷ್ಟೇ ಕಡಿಮೆ ಇರಲಿ, ನಮ್ಮ ಬಿಸಿಲಿಗೆ ಐದು ವರ್ಷ ದಾಟಿಸುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಪತ್ರವನ್ನು ಮೂರು ಸಲ ಓದಿದೆ. ನೀವು ಬರೆದ ಕಾಯಿಲೆಗಳಲ್ಲಿ ಅರ್ಧ ಗಾಡಿಯ ವಯಸ್ಸಿನದಲ್ಲ, ಅದಕ್ಕೆ ಮಾಡಿದ ರಿಪೇರಿಯದು. ಇವೆರಡನ್ನು ಬೇರೆ ಬೇರೆ ಮಾಡಿ ನೋಡದೆ ಮಾರುವ ತೀರ್ಮಾನಕ್ಕೆ ಬಂದರೆ ಸರಿಯಾಗಬಹುದಾದ ಗಾಡಿಯನ್ನು ಗುಜರಿ ರೇಟಿಗೆ ಕೊಟ್ಟ ಹಾಗಾಗುತ್ತದೆ.

ಸೇತುವೆ ಹತ್ತಿರ ನಡೆದದ್ದನ್ನೇ ನೋಡಿ. ‘ಓಡುವಾಗ ಸರಿ ಇತ್ತು, ಜಾಮಿನಲ್ಲಿ ನಿಂತಾಗ ಏರಿತು’ ಎಂದು ನೀವೇ ಬರೆದಿದ್ದೀರಿ. ನನಗೆ ಬೇಕಾದ ಸುಳಿವು ಅದೇ. ಗಾಡಿ ಓಡುವಾಗ ರೇಡಿಯೇಟರಿಗೆ ಗಾಳಿ ತಾನಾಗಿ ಹೊಡೆಯುತ್ತದೆ. ನಿಂತಾಗ ಫ್ಯಾನ್ ಒಂದೇ ಗತಿ. ಈ ಗಾಡಿಗಳಲ್ಲಿ ಫ್ಯಾನಿಗೆ ಎರಡು ಸ್ಪೀಡ್ ಇರುತ್ತದೆ, ವರ್ಷಗಳಾದ ಮೇಲೆ ಅದರ ರೆಸಿಸ್ಟರ್ ಸುಟ್ಟು ಒಂದು ಸ್ಪೀಡ್ ಹೋಗುವುದು ನಮಗೆ ತೀರಾ ಪರಿಚಿತ ಕೇಸು. ನೀವೇ ಮನೆಯಲ್ಲಿ ನೋಡಬಹುದು: ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ, ಬಾನೆಟ್ ಎತ್ತಿ, ಕೈ ದೂರ ಇಟ್ಟುಕೊಂಡು ಫ್ಯಾನ್ ನೋಡಿ. ಎಸಿ ಹಾಕಿದ ಕೂಡಲೇ ಅದು ತಿರುಗಬೇಕು. ತಿರುಗದಿದ್ದರೆ ಆ ರಾತ್ರಿಯ ಕಾರಣ ಅರ್ಧ ಸಿಕ್ಕಂತೆ. ಉಳಿದರ್ಧ ವಾಟರ್ ಪಂಪ್ ಇರಬಹುದು. ಈ ಎಂಜಿನ್ನಿನ ಹಳೆಯ ಪಂಪುಗಳಲ್ಲಿ ಒಳಗಿನ ರೆಕ್ಕೆ ಪ್ಲಾಸ್ಟಿಕ್ಕಿನದು. ಬಿಸಿಗೆ ಬಿರುಕು ಬಿಟ್ಟು ಶಾಫ್ಟ್ ಮೇಲೆ ಜಾರುತ್ತದೆ. ಹೊರಗಿನಿಂದ ಪಂಪ್ ತಿರುಗುತ್ತಿರುವಂತೆ ಕಂಡರೂ ಒಳಗೆ ನೀರು ಸಾಗುವುದಿಲ್ಲ. ಆ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ ಆದ್ದರಿಂದ ಎರಡೂ ಒಟ್ಟಿಗೆ ಆಗುವ ಕೆಲಸ. ಪಂಪ್ ತರಿಸುವಾಗ ಲೋಹದ ರೆಕ್ಕೆಯದು ಎಂದು ಕೇಳಿ ತರಿಸಿ.

ಥರ್ಮೋಸ್ಟಾಟ್ ತೆಗೆದ ನಿಮ್ಮ ಊರಿನ ಮೇಸ್ತ್ರಿಯನ್ನು ನಾನು ದೂರುವುದಿಲ್ಲ. ಅಂಬಾಸಿಡರ್, ಹಳೆಯ ಡೀಸೆಲ್ ಜೀಪಿನ ಕಾಲದಲ್ಲಿ ರಾಯಚೂರಿನ ಬೇಸಿಗೆಗೆ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ನಾನೂ ಕಲಿಯುವಾಗ ಎಷ್ಟೋ ತೆಗೆದಿದ್ದೇನೆ. ಕಂಪ್ಯೂಟರ್ ಇರುವ ಎಂಜಿನ್ನಿಗೆ ಅದು ಆಗಿಬರುವುದಿಲ್ಲ. ನಿಮ್ಮ ಗಾಡಿಯಲ್ಲಿ ನೀರು ಸುಮಾರು 87 ಡಿಗ್ರಿ ಮುಟ್ಟುವ ತನಕ ಥರ್ಮೋಸ್ಟಾಟ್ ಬಾಗಿಲು ಮುಚ್ಚಿರುತ್ತದೆ, ಎಂಜಿನ್ ಬೇಗ ಬಿಸಿಯಾಗಲಿ ಎಂದು. ಅದನ್ನು ಕಿತ್ತರೆ ಬೆಳಗಿನ ತಂಪಿನಲ್ಲಿ ನೀರು ಅರವತ್ತು, ಎಪ್ಪತ್ತರಲ್ಲೇ ಸುತ್ತುತ್ತಿರುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಆ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ, ಪೆಟ್ರೋಲ್ ವಾಸನೆ ಹೊಡೆದರೆ ಆ ಆಯಿಲ್ ಚೆಲ್ಲಿಬಿಡಿ.

ಮೈಲೇಜ್ ಲೆಕ್ಕ ಇದನ್ನೇ ಹೇಳುತ್ತದೆ. ಈಗ ಎಲ್ಲರೂ ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು ಬೈಯುತ್ತಾರೆ, ನೀವೂ ಅದೇ ಕಾರಣ ಅಂದುಕೊಂಡಿರಬಹುದು. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ ಎಂಬುದು ನಿಜ. ನೀತಿ ಆಯೋಗದ 2021ರ ವರದಿಯೇ, ಇ20ಗೆಂದು ತಯಾರಾಗದ ಹಳೆಯ ಕಾರುಗಳಲ್ಲಿ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದು ಎಂದಿತ್ತು. ಆ ಲೆಕ್ಕದಲ್ಲಿ ನಿಮ್ಮ 11, ಹತ್ತೂಕಾಲಿಗೆ ಬಂದು ನಿಲ್ಲಬೇಕು. 8ಕ್ಕೆ ಇಳಿದಿದೆ ಅಂದರೆ ಉಳಿದ ಎರಡು ಕಿಲೋಮೀಟರನ್ನು ಥರ್ಮೋಸ್ಟಾಟೂ ಆ ಸೀಟಿ ಸದ್ದೂ ಸೇರಿ ತಿನ್ನುತ್ತಿವೆ. ಇ20 ವಿಚಾರದಲ್ಲಿ ಹಳೆಯ ಗಾಡಿಗೆ ನನಗಿರುವ ಚಿಂತೆ ಬೇರೆ. ಅದು ಗಾಳಿಯ ತೇವ ಹೀರುತ್ತದೆ. ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ನೀರು, ಎಥನಾಲ್ ಬೇರೆಯಾಗಿ ತಳಕ್ಕೆ ಕೂರುತ್ತವೆ. ಇಪ್ಪತ್ತು ವರ್ಷದ ಫ್ಯುಯೆಲ್ ಪೈಪುಗಳೂ ಅದಕ್ಕೆಂದು ಮಾಡಿದವಲ್ಲ. ಬೆಲ್ಟ್ ಕೆಲಸದ ಜೊತೆಗೆ ಆ ಪೈಪುಗಳನ್ನೂ ಬದಲಿಸಿಬಿಡಿ, ದೊಡ್ಡ ಖರ್ಚಲ್ಲ. ಪೆಟ್ರೋಲ್ ವಾಸನೆ ಬಂದ ಮೇಲೆ ನೋಡೋಣ ಎಂದು ಕೂರುವ ವಿಷಯ ಇದಲ್ಲ.

ಬೋರಿನ ನೀರು ತುಂಬಿದ್ದು ಮಾತ್ರ ನನಗೆ ಬಹಳ ಬೇಸರ ತಂದಿತು. ನಮ್ಮ ಕಡೆ ಬೋರಿನ ನೀರು ಎಷ್ಟು ಗಡಸು ಎಂಬುದು ಮನೆಯಲ್ಲಿ ಸ್ನಾನದ ಗೀಸರ್ ಬಿಚ್ಚಿ ನೋಡಿದವರಿಗೆಲ್ಲ ಗೊತ್ತು. ಕಾಯಿಲ್ ಮೇಲೆ ಸುಣ್ಣದ ಗಾರೆ ಹಾಕಿದಂತೆ ಬಿಳಿ ಪದರ ಕೂತಿರುತ್ತದೆ. ನಿಮ್ಮ ರೇಡಿಯೇಟರಿನ ಕಡ್ಡಿಯಂಥ ಕೊಳವೆಗಳಲ್ಲಿ, ಅಲ್ಯುಮಿನಿಯಂ ಹೆಡ್ಡಿನ ಸಂದುಗಳಲ್ಲಿ ಈಗ ಅದೇ ಕೂರುತ್ತಿದೆ. ಪೂರ್ತಿ ಇಳಿಸಿ, ಡಿಸ್ಟಿಲ್ಡ್ ವಾಟರಿನಿಂದ ತೊಳೆದ ನೀರು ತಿಳಿಯಾಗಿ ಬರುವ ತನಕ ಎರಡು ಮೂರು ಸಲ ತೊಳೆಸಿ, ಆಮೇಲೆ ಗುಲಾಬಿ ಬಣ್ಣದ ಜಿ12 ಜಾತಿಯ ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ ಹಾಕಿಸಿ. ದಾರಿಯಲ್ಲಿ ನೀರು ಕಡಿಮೆಯಾದರೆ ಬಿಸ್ಲೇರಿ ಹಾಕಿಕೊಂಡು ಗ್ಯಾರೇಜ್ ಸೇರಬಹುದು, ಅಷ್ಟಕ್ಕೆ ಸಾಕು. ಕಾಯಂ ಆಗಿ ಬೋರಿನ ನೀರು ಬೇಡವೇ ಬೇಡ.

ಆ ಸೀಟಿ ಸದ್ದಿಗೆ ಬೆಂಗಳೂರಿನವರು ಟರ್ಬೊ ಬದಲಿಸಬೇಕು ಅಂದಿದ್ದಾರೆ. ಗಾಡಿಯನ್ನು ಅಲ್ಲಿಗೆ ಒಯ್ದಿದ್ದಿರೋ, ಫೋನಿನಲ್ಲಿ ಹೇಳಿ ರೇಟು ತರಿಸಿಕೊಂಡಿರೋ ನೀವು ಬರೆದಿಲ್ಲ. ಟರ್ಬೊ ಒತ್ತಿದ ಗಾಳಿ, ಅದನ್ನು ತಣಿಸುವ ಇಂಟರ್‌ಕೂಲರ್ ಸುತ್ತಿ ಎಂಜಿನ್ನಿಗೆ ಹೋಗುವ ದಾರಿಯಲ್ಲಿ ರಬ್ಬರ್ ಹೋಸುಗಳಿವೆ, ಒಂದು ಡೈವರ್ಟರ್ ವಾಲ್ವ್ ಇದೆ, ಪೆನ್ಸಿಲ್ ದಪ್ಪದ ವ್ಯಾಕ್ಯೂಮ್ ಪೈಪುಗಳು ಹತ್ತಾರಿವೆ. ಇಪ್ಪತ್ತು ಬೇಸಿಗೆ ಕಂಡ ರಬ್ಬರ್ ಅದು. ಎಲ್ಲೋ ಒಂದು ಕಡೆ ಬಿರಿದರೆ ಒತ್ತಿದ ಗಾಳಿ ಅಲ್ಲಿಂದ ಸೋರುತ್ತದೆ, ಸೀಟಿ ಅಲ್ಲಿಂದಲೇ ಬರುತ್ತದೆ, ಒದೆತ ಹೋಗುತ್ತದೆ. ಸ್ಮೋಕ್ ಮಷಿನ್ ಇರುವ ಗ್ಯಾರೇಜಿನಲ್ಲಿ ಇಂಟೇಕಿಗೆ ಹೊಗೆ ಬಿಟ್ಟರೆ ಹತ್ತು ನಿಮಿಷದಲ್ಲಿ ಜಾಗ ತಿಳಿಯುತ್ತದೆ. ನೂರಾರು ರೂಪಾಯಿಯ ಪೈಪಿಗೆ ಟರ್ಬೊ ಬಿಚ್ಚಿದ ಗಾಡಿಗಳನ್ನು ನಾನು ನೋಡಿದ್ದೇನೆ.

ಟರ್ಬೊ ನಿಜಕ್ಕೂ ಸವೆದಿದೆಯೇ ಎಂದು ನೋಡಲು ಇಂಟೇಕ್ ಪೈಪ್ ಬಿಚ್ಚಿ ಒಳಗಿನ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಬೇಕು. ಪಕ್ಕಕ್ಕೆ ಕೂದಲೆಳೆಯಷ್ಟು ಆಡುವುದು ಸಹಜ. ಹಿಂದೆ ಮುಂದೆ ಆಡಿದರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಹೋಯಿತು ಅನ್ನಿ. ಇಂಟರ್‌ಕೂಲರ್ ಪೈಪಿನಲ್ಲಿ ಎಣ್ಣೆಯ ತೆಳು ಪಸೆ ಇರಲಿ, ಚಿಂತೆಯಿಲ್ಲ. ಸುರಿಯುವಷ್ಟಿರಬಾರದು. ಕ್ಲಚ್ಚಿನದೂ ಹಾಗೇ. ಸಂಡೂರು ಘಾಟಿನಂಥ ಏರಿನಲ್ಲಿ ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಬದಲಿಸಿ. ಹಾಗಾಗದಿದ್ದರೆ ಅದರ ತಂಟೆಗೆ ಹೋಗಬೇಡಿ.

ಇಷ್ಟಾದ ಮೇಲೆ ನಿಮ್ಮ ₹2,30,000 ಎಷ್ಟಾಗುತ್ತದೆ? ಬೆಲ್ಟ್, ಅದರ ಟೆನ್ಷನರ್, ಪಂಪ್, ಥರ್ಮೋಸ್ಟಾಟ್, ಫ್ಯಾನ್ ರಿಪೇರಿ, ಹೋಸುಗಳು, ಫ್ಯುಯೆಲ್ ಪೈಪು, ಕೂಲೆಂಟ್ ಸೇರಿ ನನ್ನ ಅಂದಾಜು ₹70,000. ಎಂಜಿನ್ ತಳದ ಎಣ್ಣೆ ತೊಟ್ಟಿ, ಅಂದರೆ ಆಯಿಲ್ ಸಂಪ್, ಇಳಿಸಿ ಒಳಗಿನ ಜಾಲರಿ ತೊಳೆಸುವುದನ್ನೂ ಸೇರಿಸಿದ್ದೇನೆ. ಈ ಎಂಜಿನ್ನಿನಲ್ಲಿ ಆ ಜಾಲರಿಗೆ ಗಸಿ ಕಟ್ಟಿ ಟರ್ಬೊಗೆ ಎಣ್ಣೆ ಸಾಲದಾಗುತ್ತದೆ. ನಿಮ್ಮಲ್ಲಿ ಪೆಟ್ರೋಲ್ ಬೆರೆತ ಆಯಿಲ್ ಬೇರೆ ಓಡಿದೆ. ಹೊಸ ಆಯಿಲ್ 5ಡಬ್ಲ್ಯು-40, ಡಬ್ಬಿಯ ಮೇಲೆ ವಿಡಬ್ಲ್ಯು 502 00 ಎಂದು ಇರಲೇಬೇಕು. ಮುಂದಿನ ಲೋವರ್ ಆರ್ಮ್ ಬುಶ್, ಶಾಕ್ ಮೌಂಟ್‌ಗಳಿಗೆ ಇನ್ನೊಂದು ₹25,000–30,000. ಟರ್ಬೊ ಹೋಗಿಲ್ಲ ಎಂದಾದರೆ ಒಂದು ಲಕ್ಷದಲ್ಲಿ ಮುಗಿಯುತ್ತದೆ.

ಆದರೆ ಈ ಒಂದು ಲಕ್ಷ ಹಾಕುವ ಮೊದಲು ಎರಡು ಪರೀಕ್ಷೆ ಆಗಬೇಕು, ಗಾಡಿಯ ಹಣೆಬರಹ ನಿರ್ಧಾರವಾಗುವುದು ಅಲ್ಲಿ. ಒಂದು, ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಒತ್ತಡ ಎಷ್ಟು ನಿಲ್ಲುತ್ತದೆ ಎಂಬುದು. ಬಿಸಿ ಎಂಜಿನ್ನಿನಲ್ಲಿ ನಾಲ್ಕೂ ಸಿಲಿಂಡರ್ ಅಳೆಯಬೇಕು. ಒಂದಕ್ಕೂ ಇನ್ನೊಂದಕ್ಕೂ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಗಾಡಿ ಕೆಂಪಿಗೆ ಹೋಗಿ ಬಂದಿದೆಯಲ್ಲ, ಹೆಡ್ಡಿನ ಕೆಳಗಿನ ಸೀಲು, ಹೆಡ್ ಗ್ಯಾಸ್ಕೆಟ್, ಉಳಿದಿದೆಯೋ ಇಲ್ಲವೋ ಇದರಲ್ಲೇ ತಿಳಿಯಬೇಕು. ಎರಡು, ಗಾಡಿಯನ್ನು ಲಿಫ್ಟಿಗೆ ಏರಿಸಿ ಮೈ ನೋಡುವುದು. ಎಂಜಿನ್ ಮಾಡಬಹುದು, ಗೇರ್‌ಬಾಕ್ಸ್ ತರಬಹುದು, ತುಕ್ಕು ತಿಂದ ಮೈಗೆ ಮದ್ದಿಲ್ಲ. ಮಂಗಳೂರು ಕಡೆಯ ಉಪ್ಪುಗಾಳಿ ನಮಗಿಲ್ಲ, ಅದು ನಮ್ಮ ಪುಣ್ಯ. ನಿಮ್ಮ ಕಡೆ ಮಾತ್ರ ಎರೆಮಣ್ಣಿದೆ. ಗದ್ದೆ ಬದುವಿಗೆ, ಕಾಲುವೆ ಏರಿಗೆ ಇಳಿಸಿದ ಗಾಡಿಗಳಲ್ಲಿ ಅದು ಚಕ್ರದ ಮೇಲಿನ ಗೂಡಿನಲ್ಲಿ, ಬಾಗಿಲ ಕೆಳಗಿನ ಸಂದಿನಲ್ಲಿ ಮೆತ್ತಿಕೊಂಡು ಒಳಗೆ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಜಾಕ್ ಕೊಡುವ ಜಾಗವನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ಟಣ್ ಅಂದರೆ ಒಳ್ಳೆಯದು. ಒಳಗಿಳಿದರೆ, ಅಥವಾ ಹಳೆಯ ಆಕ್ಸಿಡೆಂಟಿನ ಬೆಸುಗೆ ಕಂಡರೆ, ಒಂದು ರೂಪಾಯಿ ಹಾಕಬೇಡಿ. ನನ್ನ ಉತ್ತರ ಅಲ್ಲಿಗೆ ‘ಮಾರಿ’ ಎಂದು ಬದಲಾಗುತ್ತದೆ.

ಬ್ರೋಕರ್ ಹೇಳಿದ ₹90,000ವನ್ನು ರಿಪೇರಿ ಖರ್ಚಿನ ಪಕ್ಕದಲ್ಲಿಟ್ಟು ‘ಗಾಡಿಯ ಬೆಲೆಗಿಂತ ರಿಪೇರಿ ಜಾಸ್ತಿ’ ಎಂದು ಎಲ್ಲರೂ ಹೇಳುತ್ತಾರೆ. ನಾನು ಆ ಲೆಕ್ಕ ಒಪ್ಪುವುದಿಲ್ಲ. ರಿಪೇರಿ ಖರ್ಚನ್ನು ಹೋಲಿಸಬೇಕಾದದ್ದು ಅದರ ಜಾಗಕ್ಕೆ ಬರುವ ಗಾಡಿಯ ಖರ್ಚಿಗೆ. ವರ್ಟಸ್ ಜಿಟಿಗೆ ಎಕ್ಸ್-ಶೋರೂಮ್ ₹18 ಲಕ್ಷ ಎಂದು ಹಿಡಿಯಿರಿ. ಅದರಲ್ಲೇ ಶೇ. 40 ಜಿಎಸ್‌ಟಿ ಸೇರಿದೆ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿಸಿದಾಗ ಶೇ. 18ರ ದರ ಸಿಕ್ಕಿದ್ದು ನಾಲ್ಕು ಮೀಟರಿಗಿಂತ ಗಿಡ್ಡ, 1,200 ಸಿಸಿ ಒಳಗಿನ ಪೆಟ್ರೋಲ್ ಗಾಡಿಗಳಿಗೆ. ಅದರ ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ, 10ರಿಂದ 20 ಲಕ್ಷದ ಗಾಡಿಗೆ ಶೇ. 17, ಅಂದರೆ ₹3,06,000. ಸೆಸ್ ಬೇರೆ, ಇನ್ಶೂರೆನ್ಸ್ ಬೇರೆ. 22 ಲಕ್ಷದ ಸುತ್ತ ಬಂದು ನಿಲ್ಲುತ್ತದೆ. 15 ಲಕ್ಷ ಸಾಲ, ಶೇ. 9 ಬಡ್ಡಿ, ಐದು ವರ್ಷ ಎಂದರೆ ತಿಂಗಳಿಗೆ ಸುಮಾರು ₹31,100 ಕಂತು. ನಿಮ್ಮ ಬದುಕು ಕಾಲುವೆ ನೀರಿನ ಮೇಲಿದೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕಿತ್ತು ಹೋದಾಗಿನಿಂದ ನಿಮ್ಮ ಕಡೆಯವರು ನಿದ್ದೆಗೆಟ್ಟದ್ದು ನನಗೆ ಗೊತ್ತಿದೆ, ನನ್ನ ಗಿರಾಕಿಗಳಲ್ಲಿ ಅರ್ಧ ಜನ ಸಿರುಗುಪ್ಪ, ಸಿಂಧನೂರಿನವರೇ. ಒಂದು ಬೆಳೆ ತಪ್ಪಿದ ವರ್ಷ ಅರವತ್ತು ಕಂತಿನ ಕಾಗದಕ್ಕೆ ಸಹಿ ಹಾಕಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ವರ್ಟಸ್ ಒಳ್ಳೆಯ ಗಾಡಿ, ಅದರಲ್ಲಿ ಎರಡು ಮಾತಿಲ್ಲ. 2023ರಲ್ಲಿ ಗ್ಲೋಬಲ್ ಎನ್‌ಸಿಎಪಿಯ ಡಿಕ್ಕಿ ಪರೀಕ್ಷೆಯಲ್ಲಿ ಐದು ಸ್ಟಾರ್ ಬಂದಿದೆ. ಅದರ 1.5 ಲೀಟರ್ ಎಂಜಿನ್ನಿನದೂ 150 ಪಿಎಸ್, ನಿಮ್ಮ ವಿಆರ್‌ಎಸ್‌ದೂ 150 ಪಿಎಸ್; ಎಳೆತ ನಿಮ್ಮದು 210 ನ್ಯೂಟನ್ ಮೀಟರ್, ಅದರದು 250. ಕಾಗದದ ಮೇಲೆ ಹೊಸದೇ ಮುಂದು. ಆದರೆ ನಿಮ್ಮ ಗಾಡಿಯ ಸ್ಟೇರಿಂಗ್ ಹೈಡ್ರಾಲಿಕ್, ಅದರದು ಎಲೆಕ್ಟ್ರಿಕ್. ಇಪ್ಪತ್ತು ವರ್ಷ ರಸ್ತೆಯ ಒರಟನ್ನು ಅಂಗೈಯಲ್ಲಿ ಓದಿ ಅಭ್ಯಾಸವಾದವರಿಗೆ ಆ ವ್ಯತ್ಯಾಸ ಮೊದಲ ತಿರುವಿನಲ್ಲೇ ತಿಳಿಯುತ್ತದೆ. ಟೆಸ್ಟ್ ಡ್ರೈವಿಗೆ ಶೋರೂಮಿನವರು ನಾಲ್ಕು ಸರ್ಕಲ್ ಸುತ್ತಿಸಿ ವಾಪಸ್ ತಂದರೆ ಒಪ್ಪಬೇಡಿ, ಕೆಟ್ಟ ರಸ್ತೆಗೆ ಒಯ್ಯಿರಿ. ಹೊಸ ಆಕ್ಟೇವಿಯಾ ಆರ್‌ಎಸ್ ಆಸೆ ಬೇಡ. 2025ರಲ್ಲಿ ತರಿಸಿದ್ದೇ 100, ಬೆಲೆ ₹49.99 ಲಕ್ಷ.

ಈಗ ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಅವರು ಹೇಳುವುದು ಸರಿ. ಮಾಡಿಸಿದ ಮೇಲೆ ನಿಮ್ಮ ಗಾಡಿ ನಂಬಿಗಸ್ತ ಆಗಬಹುದು, ಆದರೆ ಅದರ ಏರ್‌ಬ್ಯಾಗುಗಳಿಗೂ ಸೀಟ್‌ಬೆಲ್ಟಿನ ಒಳಗಿನ ಸ್ಪ್ರಿಂಗಿಗೂ ಇಪ್ಪತ್ತು ವರ್ಷ. ಎದುರಿನಿಂದ ಲೈಟಿಲ್ಲದ ಭತ್ತದ ಟ್ರಾಕ್ಟರ್ ಬರುವ ರಸ್ತೆಯಲ್ಲಿ, ರಾತ್ರಿ ಹೊತ್ತು, ಹಾರ್ಟ್ ಪೇಷಂಟ್ ಕೂರಿಸಿಕೊಂಡು ಹೋಗುವ ಕೆಲಸಕ್ಕೆ ಅದನ್ನು ನಾನು ಒಪ್ಪುವುದಿಲ್ಲ. ಎಷ್ಟೇ ಚೆನ್ನಾಗಿ ಮಾಡಿಸಿದರೂ ಒಪ್ಪುವುದಿಲ್ಲ. ಹಾಗೆಂದು ಆ ಕೆಲಸಕ್ಕೆ ವರ್ಟಸ್ಸೂ ಸರಿಯಾದ ಗಾಡಿಯಲ್ಲ. ಅದೂ ತಗ್ಗಿನ ಸೆಡಾನ್. 78 ವರ್ಷದವರು ತಗ್ಗಿನ ಸೀಟಿನಿಂದ ಏಳಲು ಬಾಗಿಲ ಚೌಕಟ್ಟು ಹಿಡಿದು ಎರಡು ಸಲ ಉಸಿರು ತಗೊಳ್ಳುವುದನ್ನು ನೀವು ದಿನಾ ನೋಡುತ್ತಿರಬೇಕು. ಅವರಿಗೆ ಬೇಕಾದದ್ದು ಸೊಂಟದ ಎತ್ತರದ ಸೀಟು. ಪಂಚ್, ನೆಕ್ಸಾನ್, ಎಕ್ಸ್‌ಯುವಿ 3ಎಕ್ಸ್‌ಒ ತರಹದ ನಾಲ್ಕು ಮೀಟರ್ ಒಳಗಿನ ಗಾಡಿಗಳಲ್ಲಿ ಅದು ಸಿಗುತ್ತದೆ, ಈ ಮೂರಕ್ಕೂ ಐದು ಸ್ಟಾರ್ ಬಂದಿದೆ. 1,200 ಸಿಸಿ ಪೆಟ್ರೋಲ್ ತಗೊಂಡರೆ ಶೇ. 18 ಜಿಎಸ್‌ಟಿ, 10 ಲಕ್ಷದ ಒಳಗಿದ್ದರೆ ಜೀವಾವಧಿ ತೆರಿಗೆಯೂ ಶೇ. 14ಕ್ಕೆ ಇಳಿಯುತ್ತದೆ. ಅಪ್ಪಾಜಿಯವರನ್ನೇ ಶೋರೂಮಿಗೆ ಕರೆದುಕೊಂಡು ಹೋಗಿ, ಪ್ರತಿಯೊಂದರಲ್ಲೂ ಕೂತು ಎದ್ದು ನೋಡಲಿ. ಯಾವುದರಿಂದ ಯಾರ ಕೈ ಹಿಡಿಯದೆ ಎದ್ದರೋ ಅದನ್ನು ತಗೊಳ್ಳಿ.

ಹೀಗಾಗಿ ನನ್ನ ಸಲಹೆ: ಎರಡು ಪರೀಕ್ಷೆಯಲ್ಲಿ ಗಾಡಿ ಪಾಸಾದರೆ ವಿಆರ್‌ಎಸ್ ಮಾಡಿಸಿ ನಿಮಗಾಗಿ ಇಟ್ಟುಕೊಳ್ಳಿ, ಮನೆಗೆ ಒಂದು ಚಿಕ್ಕ, ಎತ್ತರದ, ಗಟ್ಟಿ ಗಾಡಿ ತನ್ನಿ. ಎರಡೂ ಸೇರಿ ವರ್ಟಸ್ಸಿನ ಅರ್ಧ ಖರ್ಚಿನ ಹತ್ತಿರ ಬರುತ್ತದೆ. ಎರಡು ಗಾಡಿ ಇಡುವ ಶಕ್ತಿ ಇಲ್ಲ, ಒಂದೇ ಇಡಬೇಕು ಎಂದಾದರೆ ಹೋಗಬೇಕಾದದ್ದು ಆಕ್ಟೇವಿಯಾ. ಇದನ್ನು ಬರೆಯಲು ನನಗೂ ಕಷ್ಟವಾಗುತ್ತದೆ. ಟರ್ಬೊ ಪೆಟ್ರೋಲ್ ಅಂದರೇನು ಎಂದೇ ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲದ ಕಾಲಕ್ಕೆ ಬಂದ ಗಾಡಿ ಅದು. ಮೊದಲ ಸಲ ನನ್ನ ಕೈಗೆ ಬಂದಾಗ ಹೊಸಪೇಟೆ ರಸ್ತೆಯಲ್ಲಿ ಓಡಿಸಿ ವಾಪಸ್ ಬಂದು, ಬಾನೆಟ್ ತೆರೆದು ಸುಮ್ಮನೆ ನೋಡುತ್ತಾ ನಿಂತಿದ್ದೆ. ಆದರೂ ಮನೆಯವರ ಜೀವದ ವಿಷಯ ಬಂದಾಗ ಹೀಗೇ ಹೇಳಬೇಕಾಗುತ್ತದೆ. ಮಾರುವುದಾದರೆ ಆ ಬ್ರೋಕರಿಗೆ ಬೇಡ. ವಿಆರ್‌ಎಸ್ ಹುಡುಕಿಕೊಂಡು ಬರುವವರು ಬೆಂಗಳೂರು, ಹೈದರಾಬಾದಿನಲ್ಲಿ ಇದ್ದಾರೆ. ಮೊದಲ ಮಾಲೀಕರ ಕೈಯಲ್ಲೇ ಇರುವ, ಬಿಲ್ಲುಗಳ ಫೈಲ್ ಇರುವ ಗಾಡಿಗೆ ಅವರು ಕೊಡುವ ರೇಟು ಬೇರೆ, ಮಾಡುವ ಜೋಪಾನವೂ ಬೇರೆ.

ಆರ್‌ಸಿ ಬಗ್ಗೆ ಹೆದರಬೇಡಿ. 15 ವರ್ಷಕ್ಕೆ ಒಮ್ಮೆ ನವೀಕರಿಸಿದ್ದೀರಿ, ಈಗಲೂ ಅದೇ ದಾರಿ: ಫಾರಂ 25, ಹೊಗೆ ಸರ್ಟಿಫಿಕೇಟ್, ಇನ್ಶೂರೆನ್ಸ್, ಇನ್‌ಸ್ಪೆಕ್ಟರ್ ಎದುರು ಗಾಡಿ. ಪಾಸಾದರೆ ಮತ್ತೆ ಐದು ವರ್ಷ. ಶುಲ್ಕ ಮಾತ್ರ ಏರಿದೆ. 15 ದಾಟಿದ ಕಾರಿಗೆ ₹5,000 ಇತ್ತು, 2025ರ ಆಗಸ್ಟಿನಿಂದ 20 ದಾಟಿದ್ದಕ್ಕೆ ₹10,000. ನಿಮ್ಮದು ಆ ಗೆರೆಯ ಮೇಲೇ ನಿಂತಿದೆ, ಹತ್ತು ಸಾವಿರ ಎಂದೇ ತೆಗೆದಿಡಿ. ಹಸಿರು ತೆರಿಗೆ ಬೇರೆ ಕಟ್ಟಬೇಕು. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿಲ್ಲದಿದ್ದರೆ ಮೊದಲು ಹಾಕಿಸಿ. ಸೈಲೆನ್ಸರ್ ಏನಾದರೂ ಬದಲಿಸಿದ್ದರೆ ಕಂಪನಿಯದನ್ನು ವಾಪಸ್ ಹಾಕಿಸಿಕೊಂಡೇ ಹೋಗಿ. ಅವಧಿ ಮುಗಿಯಲು ಎರಡು ತಿಂಗಳು ಇರುವಾಗಲೇ ಅರ್ಜಿ ಹಾಕಿ. ಇನ್ಶೂರೆನ್ಸಿನಲ್ಲಿ 1,500 ಸಿಸಿ ದಾಟಿದ ಕಾರಿನ ಥರ್ಡ್ ಪಾರ್ಟಿ ಕಂತು 2022ರ ದರಪಟ್ಟಿಯಲ್ಲಿ ₹7,897, 1,000ದಿಂದ 1,500 ಸಿಸಿಯವಕ್ಕೆ ₹3,416. ಹಳೆಯ ಗಾಡಿಗೆ ಪೂರ್ತಿ ಇನ್ಶೂರೆನ್ಸ್ ಕೊಡಲು ಬಹಳ ಕಂಪನಿಗಳು ಹಿಂಜರಿಯುತ್ತವೆ. ಕೊಟ್ಟರೆ, ಗಾಡಿಯ ಬೆಲೆ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ. ಐದು ವರ್ಷ ದಾಟಿದ ಗಾಡಿಯ ಬೆಲೆ ನೀವೂ ಅವರೂ ಮಾತಾಡಿ ಒಪ್ಪಿದ್ದೇ ಲೆಕ್ಕ.

ಪರೀಕ್ಷೆಗೆ ತರುವಾಗ ಓಡಿಸಿಕೊಂಡು ಬರಬೇಡಿ. ತೊಂಬತ್ತು ಕಿಲೋಮೀಟರಿನ ದಾರಿ, ಫ್ಲಾಟ್‌ಬೆಡ್ ಲಾರಿಯ ಮೇಲೆ ಹಾಕಿಸಿ. ಕಿತ್ತಿಟ್ಟ ಹಳೆಯ ಥರ್ಮೋಸ್ಟಾಟ್ ಇದ್ದರೆ ಜೊತೆಗಿರಲಿ, 2006ರಿಂದ ಇಟ್ಟ ಬಿಲ್ಲುಗಳೂ ಇರಲಿ. ಒಂದು ಕೆಲಸ ಮನೆಯಲ್ಲೇ ಮಾಡಿ. ಬೆಳಗ್ಗೆ ಎದ್ದ ಕೂಡಲೇ, ಎಂಜಿನ್ ಪೂರ್ತಿ ತಣ್ಣಗಿರುವಾಗ ಬಾನೆಟ್ ಎತ್ತಿ, ಮಗನ ಕೈಲೋ ಮನೆಯವರ ಕೈಲೋ ಸ್ಟಾರ್ಟ್ ಮಾಡಿಸಿ, ಮೊದಲ ಹದಿನೈದು ಸೆಕೆಂಡಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಈ ಎಂಜಿನ್ನಿನಲ್ಲಿ ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಎರಡಿವೆ, ಬೆಲ್ಟ್ ತಿರುಗಿಸುವುದು ಒಂದನ್ನು ಮಾತ್ರ. ಅಲ್ಲಿಂದ ಇನ್ನೊಂದಕ್ಕೆ ಹೆಡ್ ಒಳಗೆ ಒಂದು ಗಿಡ್ಡ ಚೈನ್ ಇದೆ. ಅದರ ಟೆನ್ಷನರ್ ಸೋತಿದ್ದರೆ ತಣ್ಣಗಿನ ಸ್ಟಾರ್ಟಿನಲ್ಲಿ ಮಾತ್ರ ಗಲಗಲ ಅನ್ನುತ್ತದೆ, ಎಣ್ಣೆ ಏರಿದ ಮೇಲೆ ಸುಮ್ಮನಾಗುತ್ತದೆ. ಗ್ಯಾರೇಜ್ ಮುಟ್ಟುವ ಹೊತ್ತಿಗೆ ಅದು ನನ್ನ ಕಿವಿಗೆ ಸಿಗುವುದಿಲ್ಲ.